ನೀರು ತಂದ ಖಂಡಪ್ಪನ ಸತ್ಕಾರ

ಗೌಂಡಿ ಖಂಡಪ್ಪ ಸಭೆಯಲ್ಲಿ ಬಾಯಿ ತೆಗೆದದ್ದು ಜೀವಮಾನದಲ್ಲಿ ಒಂದೇ ಸಲ. ಅದೇ ಅವನಿಗೆ ಮುಳುವಾಯಿತು.

ಕುರ್ಲಾದ ಅವನ ಚಾಳಿನ ಸಾಲುಮನೆಗಳ ನಲ್ಲಿಗಳಲ್ಲಿ ವರ್ಷಗಟ್ಟಲೆ ಬರೀ ಗಾಳಿ ಬರುತ್ತಿತ್ತು. ನಾಗರಿಕ ಸಂಘಟನೆಯ ಹರಿಣಿ ಎಂಬ ಹುಡುಗಿ ಬೆನ್ನು ಬಿಡದೆ ಓಡಾಡಿ, ವಾರ್ಡಿನ ಸಾಹೇಬರನ್ನು ಬಹಿರಂಗ ಸಭೆಗೆ ಎಳೆತಂದಳು. ಅಲ್ಲಿ ಖಂಡಪ್ಪ ತನಗೆ ತಿಳಿದ ಹಿಂದಿಯಲ್ಲಿ, ನಮ್ಮ ನೀರು ಯಾರ ಮನೆಗೆ ಹೋಗುತ್ತಿದೆ ಎಂದು ಕೇಳಿಬಿಟ್ಟ. ಅಷ್ಟು ಜನರೆದುರು ಸಾಹೇಬರು ತಡವರಿಸಿ, ಮರುದಿನದಿಂದ ಸಂಜೆ ಏಳಕ್ಕೆ ಅರ್ಧ ಗಂಟೆ ನೀರು ಬಿಡಲು ಒಪ್ಪಿಕೊಂಡರು.

ಇಷ್ಟಕ್ಕೇ ಸುಮ್ಮನಾದರೆ ಅದು ಚಾಳ್ ಹೇಗಾದೀತು? ಕಮಿಟಿಯ ಬಸವಂತಪ್ಪ ಮರುದಿನವೇ ಅಂಗಳದಲ್ಲಿ ಸತ್ಕಾರ ಇಟ್ಟ.

"ನಾಳೆ ಮಗಳನ್ನ ನೋಡಾಕ ಬೀಗರು ಬರ್ತಾರೋ, ಇವತ್ತ ಏಳಕ್ಕ ಡ್ರಮ್ ತುಂಬಬೇಕು, ಆಕಿ ಕೆಲಸದಿಂದ ಬರೂದು ಎಂಟಕ್ಕ," ಎಂದು ಖಂಡಪ್ಪ ಗೋಗರೆದ.

"ಆರಕ್ಕ ಕುಂದ್ರು, ಆರೂವರಿಗೆ ಎದ್ದ ಹೋಗು. ಇಷ್ಟ!"

ರುಮಾಲು, ಶಾಲು, ಹಾರ. ಪಕ್ಕದಲ್ಲಿ ಮಡಿಲ ತುಂಬ ಹಣ್ಣು ಹೊತ್ತ ಹೆಂಡತಿ ಸುಂದ್ರವ್ವ. ಬಸವಂತಪ್ಪನ ಭಾಷಣ ಮಾತ್ರ ಏಳು ದಾಟಿತು. ನಲ್ಲಿಗಳು ಗೊರಗೊರ ಎಂದವು. ಖಂಡಪ್ಪ ದಡಕ್ಕನೆ ಎದ್ದ.

"ನೋಡ್ರಿ, ಎಂಥಾ ಸಂಕೋಚದ ಮನಶ್ಯಾ!" ಎಂದು ಬಸವಂತಪ್ಪ ಭುಜ ಅದುಮಿ ಕೂರಿಸಿ, ಇನ್ನೊಂದು ಹಾರ ಹಾಕಿದ.

ಸುಂದ್ರವ್ವ ಮೆಲ್ಲಗೆ ಜಾರಲು ನೋಡಿದಳು. "ಆಂಟಿ, ಬೈಠಿಯೇ ನಾ, ಜೋಡಿ ಫೋಟೋ ಬಾಕಿ ಇದೆ," ಎಂದು ಹರಿಣಿ ಮತ್ತೆ ಕೂರಿಸಿದಳು.

ಕೇಳುಗರು ಒಬ್ಬೊಬ್ಬರಾಗಿ ಕೊಡ ಹುಡುಕಿಕೊಂಡು ಕಾಣೆಯಾದರು. ಸುಳ್ಳೇಕೆ ಹೇಳಬೇಕು, ಮನೆಮನೆಯಲ್ಲೂ ನೀರು ಬೀಳುವ ಸದ್ದು ಕೇಳಿ ಖಂಡಪ್ಪನ ಎದೆ ತುಂಬಿ ಬಂತು. ಈ ಹೆಂಗಸರು ರೈಲು ಹಳಿ ದಾಟಿ ನೀರು ಹೊತ್ತದ್ದನ್ನು ಕಂಡವನು ಅವನು.

ಭಾಷಣ ಮುಗಿಯುವ ಹೊತ್ತಿಗೆ ನೀರು ನಿಂತಿತ್ತು. ಅವನ ಡ್ರಮ್ ಮಾತ್ರ ಒಣಗಿ ಕೂತಿತ್ತು.

ಅಷ್ಟರಲ್ಲಿ ಹೆಂಗಸರೆಲ್ಲ ತುಂಬಿದ ಕೊಡ ಹೊತ್ತು ಸಾಲಾಗಿ ಬಂದರು. ಮುಂದೆ ಪಕ್ಕದ ಮನೆಯ ರುದ್ರವ್ವ.

"ಯಣ್ಣಾ, ನಿನ್ನಿಂದ ನಮ್ಮ ಮನಿಗೆ ಗಂಗವ್ವ ಬಂದ್ಲು. ಮೊದಲನೇ ಕೊಡ ನಿಂದ!"

ಖಂಡಪ್ಪನ ಕಣ್ಣು ಒದ್ದೆಯಾದವು. "ನಿಮ್ಮ ಉಪಕಾರ ಹ್ಯಾಂಗ ಮರೀಲೆವ್ವಾ! ಅಲ್ಲೇ ನಮ್ಮ ಡ್ರಮ್ಮಿನ್ಯಾಗ..."

ರುದ್ರವ್ವ ಕೊಡವನ್ನು ಅವನ ರುಮಾಲಿನ ಮೇಲೆ ಬೋರಲು ಹಾಕಿದಳು. ಅಭಿಷೇಕ! ಹಿಂದೆಯೇ ಇನ್ನೊಂದು, ಮತ್ತೊಂದು. ಅಂಗಳವೆಲ್ಲ ಜೈಕಾರ. ಖಂಡಪ್ಪ ಕೈಮುಗಿದು ಗಳಗಳ ಅಳತೊಡಗಿದ.

ಸುಂದ್ರವ್ವ ಹಣ್ಣು ಚೆಲ್ಲಿ ಒಳಗೋಡಿದಳು. ಬಟ್ಟೆ ತೊಳೆಯುವ ಟಬ್ ತಂದು ಗಂಡನ ಕಾಲ ಬಳಿ ದೂಡಿದಳು.

"ಅಳೂದು ಆಮ್ಯಾಲ. ಮೊದಲ ಇದ್ರಾಗ ನಿಂದರ್ರಿ!"