ಗೋಡೆಗೂ ಸೈಕಲ್ ಸ್ಟ್ಯಾಂಡಿಗೂ ನಡುವೆ

ಆಟ ಕಲಿಸಿ ಸಂಬಳ ತೆಗೆದುಕೊಂಡವರು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಕೊರಳಿಗೆ ಸೀಟಿ ಹಾಕಿಕೊಂಡರೆ ಸಾಕು, ಸಂಜೆಯೊಳಗೆ ಒಂದಾದರೂ ತಾನಾಗಿ ನಡೆದುಬಿಡುತ್ತದೆ. ತೊಂಬತ್ತರ ದಶಕದಲ್ಲಿ ನಾನು ಮುದ್ದೇಬಿಹಾಳದ ಕಡೆ ಹೆಣ್ಣುಮಕ್ಕಳ ಸಣ್ಣ ಕಾಲೇಜೊಂದರಲ್ಲಿ ಆಟದ ಅಕ್ಕೋರಾಗಿದ್ದೆ. ಇಂಡಿ, ಸಿಂದಗಿ, ಬಾಗೇವಾಡಿ ಎಲ್ಲಿ ಹೋದರೂ ಆಗ ಆಟ ಅಂದರೆ ಕಬಡ್ಡಿ, ಖೋ ಖೋ, ಬಹಳವಾದರೆ ವಾಲಿಬಾಲ್. ನಾನೊಬ್ಬಳು ಬಾಸ್ಕೆಟ್‌ಬಾಲಿನ ಹುಚ್ಚಿ. ಆ ಹುಚ್ಚನ್ನು ಕೆಲವು ಹುಡುಗಿಯರಿಗೂ ಹಚ್ಚಿದೆ. ಅವರಲ್ಲಿ ಒಬ್ಬಳ ಬದುಕೇ ಅದರ ಮೇಲೆ ಬಂದು ನಿಂತಿತು. ಈಗ ನಗುತ್ತ ಹೇಳುತ್ತೇನೆ, ಆಗ ನನಗೆ ಇಷ್ಟು ನಗು ಬರುತ್ತಿರಲಿಲ್ಲ.

ಕಂಬದ ಪ್ರಶ್ನೆ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಿನ್ಸಿಪಾಲರ ಮುಂದೆ ಹೋಗಿ, ರಿಂಗ್ ನಿಲ್ಲಿಸಲು ಒಂದು ಕಂಬ ಬೇಕು ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಕಂಬ ಬ್ಯಾಡ್ರಿ ಅಕ್ಕೋರ" ಅಂದರು.

"ಯಾಕ್ರಿ ಸರ್?"

"ಕಂಬ ನಟ್ಟ ಮರುದಿನಾನ ಯಾರರ ಎಮ್ಮಿ ಕಟ್ಟತಾರ. ಈ ಊರಾಗ ಖಾಲಿ ಉಳದಿದ್ದ ಕಂಬ ನಾ ನೋಡಿಲ್ಲ."

ಎಷ್ಟು ಹೇಳಿದರೂ ಕೇಳಲಿಲ್ಲ. ಹಳೇ ಕಟ್ಟಡದ ಹಿಂಗೋಡೆಗೇ ಹಲಗೆ ಬಡಿಸಿ, ಅದಕ್ಕೆ ರಿಂಗ್ ಹಾಕಿಸಿಕೊಟ್ಟರು. ಸರಿಯಾದ ಅಂಗಳದಲ್ಲಿ ಹಲಗೆ ಕಂಬಕ್ಕಿಂತ ಮುಂದಕ್ಕೆ ಚಾಚಿಕೊಂಡಿರುತ್ತದೆ. ಓಡಿ ಬಂದವರು ರಿಂಗಿನ ಬುಡದಲ್ಲಿ ಜಿಗಿದು, ಚೆಂಡು ಹಾಕಿ, ಅದರ ಕೆಳಗಿಂದಲೇ ಆಚೆ ದಾಟಿ ಹೋಗಬಹುದು. ನಮ್ಮಲ್ಲಿ ದಾಟಿದರೆ ಗೋಡೆ. ಇನ್ನು ಹಿಂದಕ್ಕೆ ಸರಿಯೋಣವೆಂದರೆ ಹದಿನೈದು ಹದಿನಾರು ಅಡಿಗೆಲ್ಲ ಕಾಲೇಜಿನ ಸೈಕಲ್ ಸ್ಟ್ಯಾಂಡು.

ಪ್ರಿನ್ಸಿಪಾಲರು ಸುಮ್ಮನೆ ಹೆದರಿದ್ದರು ಎಂದು ಮಾತ್ರ ಹೇಳಲಾರೆ. ನಮ್ಮ ವಾಲಿಬಾಲ್ ಕಂಬಕ್ಕೆ ಆಗಲೇ ಒಂದು ಎಮ್ಮೆ ಕಟ್ಟಿತ್ತು. ವಿಚಾರಿಸಿದೆ, ಅದು ಅವರದೇ.

ನಮ್ಮದೇ ಒಂದು ಪದ್ಧತಿ

ಮೊದಲ ದಿನ ಒಬ್ಬಳು ರಭಸದಿಂದ ಓಡಿ ಹೋಗಿ ಚೆಂಡನ್ನು ರಿಂಗಿಗೆ ಹಾಕಿ, ತಾನು ಗೋಡೆಗೆ ಬಡಿದಳು. ತಿರುಗಿದಾಗ ಮೂಗು, ಹಣೆ, ಎರಡೂ ಅಂಗೈ ಸುಣ್ಣ. ಎರಡನೆಯವಳು ಗೋಡೆಗೆ ಹೆದರಿ ಹಿಂದಕ್ಕೆ ಸರಿದು ಸರಿದು ಸೈಕಲ್ ಸ್ಟ್ಯಾಂಡಿಗೆ ಬೆನ್ನು ಕೊಟ್ಟಳು. ಮೊದಲ ಸೈಕಲ್ ಬಿತ್ತು, ಅದು ಎರಡನೆಯದನ್ನು ಕೆಡವಿತು, ಆಮೇಲೆ ಸಾಲು ಪೂರ್ತಿ ಮಲಗುವವರೆಗೆ ಕಾಯುವುದನ್ನು ಬಿಟ್ಟರೆ ನಾವು ಮಾಡುವಂಥದ್ದು ಏನೂ ಇರಲಿಲ್ಲ.

ಒಂದು ವರ್ಷ ಕಳೆಯುವುದರೊಳಗೆ ಹುಡುಗಿಯರು ದಾರಿ ಕಂಡುಕೊಂಡಿದ್ದರು. ಒಳಗೆ ಹೋಗುವ ಹಾಗಿಲ್ಲ, ಹೊರಗೆ ಹೋಗುವ ಹಾಗಿಲ್ಲ. ನಡುವೆ ಹತ್ತು ಹನ್ನೆರಡು ಅಡಿ ದೂರದಲ್ಲಿ ಗಕ್ಕನೆ ನಿಂತು, ನಿಂತಲ್ಲೇ ಮೇಲಕ್ಕೆ ಜಿಗಿದು ಚೆಂಡು ಬಿಡುವುದು. ದೊಡ್ಡ ಆಟಗಾರರಿಗೂ ಕಷ್ಟದ ಹೊಡೆತ ಅದು. ಓಡುವ ಮೈಯನ್ನು ಒಮ್ಮೆಲೇ ತಡೆಯಬೇಕು, ತಡೆದ ಮೇಲೂ ಕೈ ನಡುಗಬಾರದು. ನಮ್ಮವರು ಅದನ್ನೊಂದೇ ಬೆಳಗು ಬೈಗು ಮಾಡಿದರು, ಯಾಕೆಂದರೆ ಬೇರೆ ಯಾವುದಕ್ಕೂ ಜಾಗ ಇರಲಿಲ್ಲ.

ವಿಶ್ವವಿದ್ಯಾಲಯದಿಂದ ಹಿರಿಯರೊಬ್ಬರು ತಪಾಸಣೆಗೆ ಬಂದು ಆಟ ನೋಡಿದರು. ನೋಡುತ್ತ ನೋಡುತ್ತ ಅವರ ಕಣ್ಣು ಅರಳಿತು.

"ಎಂಥ ಶಾಟ್ ಸೆಲೆಕ್ಷನ್ ಅಕ್ಕೋರ. ಯಾವ ಚೆಂಡು ಹಾಕಬೇಕು, ಯಾವುದು ಬಿಡಬೇಕು ಅನ್ನೂದು ಕಾಲೇಜ್ ಹುಡುಗ್ಯಾರಿಗೆ ಇಷ್ಟ್ ತಿಳದದ್ದು ನಾ ಎಲ್ಲೂ ನೋಡಿಲ್ಲ. ಒಬ್ಬಾಕಿನೂ ದುಡುಕಿ ಒಳಗ ನುಗ್ಗೂದಿಲ್ಲ, ಒಬ್ಬಾಕಿನೂ ದೂರದಿಂದ ಒಗಿಯೂದಿಲ್ಲ. ಯಾವ ಪದ್ಧತಿ ಇದು?"

ನಾನು ಗೋಡೆ ನೋಡಿದೆ, ಸೈಕಲ್ ಸ್ಟ್ಯಾಂಡ್ ನೋಡಿದೆ.

"ನಮ್ಮದ ಒಂದ್ ಪದ್ಧತಿ ಐತ್ರಿ ಸರ್" ಅಂದೆ.

ತೊಗರಿ ವ್ಯಾಪಾರಿಯ ಲೆಕ್ಕ

ನಮ್ಮ ತಂಡದಲ್ಲಿ ಎಲ್ಲರಿಗಿಂತ ಎತ್ತರದವಳು ತಾಳಿಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ತಂದೆ ಅಲ್ಲಿ ತೊಗರಿ ವ್ಯಾಪಾರಿ. ಬಾಗೇವಾಡಿಯಲ್ಲಿ ಒಂದು ಪಂದ್ಯವಿದ್ದಾಗ, ಮಗಳು ಮಾಡುವುದಾದರೂ ಏನು ನೋಡೋಣ ಎಂದು ಬಂದು, ಅಂಗಳದ ಅಂಚಿನಲ್ಲಿ ಕೈಕಟ್ಟಿ ನಿಂತರು. ಅಲ್ಲಿ ಅಂಗಳ ಸರಿಯಾಗಿತ್ತು, ದೂರದ ಕಮಾನು ಗೆರೆಯೂ ಇತ್ತು. ಅದರ ಆಚೆಯಿಂದ ಹಾಕಿದರೆ ಮೂರು ಅಂಕ, ಈಚೆಯಿಂದ ಎರಡು. ಪಕ್ಕದಲ್ಲಿ ಯಾರೋ ಅವರಿಗೆ ಇಷ್ಟು ಹೇಳಿಬಿಟ್ಟಿದ್ದರು. ಪಂದ್ಯ ಮುಗಿಯುವುದನ್ನೇ ಕಾಯುತ್ತಿದ್ದವರು ನೇರವಾಗಿ ನನ್ನ ಹತ್ತಿರ ಬಂದರು.

"ಅಕ್ಕೋರ, ಒಂದ್ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಚೆಂಡು ಅದ, ರಿಂಗ್ ಅದ, ಹುಡಿಗಿ ಆಕಿನ. ನಾಕ್ ಹೆಜ್ಜಿ ಹಿಂದ ಸರದ್ರ ಒಂದ್ ಅಂಕ ಹೆಚ್ಚಿಗಿ ಸಿಗತೈತಿ. ಸರಿಯಾಕ ಈಕಿಗೇನ್ ಧಾಡಿ?"

"ದೂರ ಹೋದಂಗ ಗುರಿ ತಪ್ಪತೈತ್ರಿ. ಇಲ್ಲಿಂದ ಹತ್ತು ಹಾಕಿದ್ರ ಆರು ಬೀಳ್ತಾವ, ಹನ್ನೆರಡು ಅಂಕ. ಅಲ್ಲಿಂದ ಹತ್ತು ಹಾಕಿದ್ರ ಮೂರು ಬಿದ್ರ ದೊಡ್ಡದು, ಒಂಬತ್ತು ಅಂಕ."

ಅವರು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಬಹಳ ಹೊತ್ತು ಯೋಚನೆ ಮಾಡಿ, ಸಮಾಧಾನದಿಂದ ಹೇಳಿದರು:

"ಹಂಗಾದ್ರ ಅಲ್ಲಿಂದನೂ ಆರು ಹಾಕು ಅಂತ ಹೇಳ್ರಿ."

ಎತ್ತರದ ಮಾತು

ಅದೇ ವರ್ಷ ಅವಳ ಬಿ.ಎ. ಮುಗಿಯುವುದಿತ್ತು. ಸಿಂದಗಿಯಿಂದ ಹುಡುಗನ ಕಡೆಯವರು ನೋಡಲು ಬಂದರು. ಇವಳು ಚಹಾದ ತಟ್ಟೆ ಹಿಡಿದು ಒಳಗೆ ಬಂದಳು, ಕುಳಿತವರೆಲ್ಲ ಕತ್ತು ಎತ್ತಿದರು. ಹುಡುಗ ಅಷ್ಟೇನೂ ಎತ್ತರದವನಲ್ಲ. ಅವನ ಸೋದರಮಾವ ಗಡಿಬಿಡಿಯಿಂದ, "ಕುಂದರವ್ವ, ಮೊದಲ ಕುಂದರು" ಅಂದರು. ಕುಳಿತಳು. ಕುಳಿತರೂ ಹುಡುಗನಿಗಿಂತ ಒಂದು ತಲೆ ಮೇಲೆ. ಮಾವ ಅವಳನ್ನೂ ಅವನನ್ನೂ ಒಮ್ಮೆ ಅಳೆದು ನೋಡಿ, ಮೆಲ್ಲಗೆ ಹುಡುಗನಿಗೆ ಹೇಳಿದರಂತೆ:

"ನೀ ಎದ್ ನಿಂದರೋ."

ಇದನ್ನು ಅವಳೇ ನನಗೆ ಹೇಳಿದ್ದು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ, "ಅವರು ಒಪ್ಯಾರ್ರಿ ಅಕ್ಕೋರ" ಅಂದಳು. ಅಷ್ಟು ಹೇಳಿ ಅಳತೊಡಗಿದಳು. "ಅವ ಕೆಟ್ಟಾವ ಅಲ್ರಿ. ನಂಗ ಆಡೂದೈತಿ. ಲಗ್ನ ಆದಮ್ಯಾಲೆ ಯಾರ್ ಬಿಡ್ತಾರ?"

ಮರುದಿನವೇ ಬಸ್ಸು ಹತ್ತಿ ತಾಳಿಕೋಟೆಗೆ ಹೋಗಿ ತಂದೆಯ ಅಂಗಡಿಯಲ್ಲಿ ಕುಳಿತೆ. ದೊಡ್ಡ ದೊಡ್ಡ ಇಲಾಖೆಗಳು ತಮ್ಮ ತಂಡಕ್ಕಾಗಿ ಆಟಗಾರರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತವೆ, ಒಂದು ಇಲಾಖೆ ಹುಬ್ಬಳ್ಳಿಯಲ್ಲಿ ಆಯ್ಕೆ ನಡೆಸುತ್ತಿದೆ, ಒಂದೇ ಒಂದು ಅವಕಾಶ ಕೊಡಿ ಎಂದೆ. ಅವರು ನಕ್ಕರು.

"ಚೆಂಡ್ ಒಗದ್ರ ಪಗಾರ ಕೊಡೂ ಹುಚ್ಚರು ಇದ್ರ ಕೊಡ್ಲಿ ಬಿಡ್ರಿ. ನೌಕರಿ ಬಂತಂದ್ರ ಲಗ್ನದ ಮಾತ ನಾ ಎತ್ತೂದಿಲ್ಲ, ಆಕಿ ಹೋಗ್ಲಿ. ಬರಲಿಲ್ಲಂದ್ರ ನೀವೂ ಬಾಯಿ ತೆರಿಬಾರದು. ಲಗ್ನಕ್ಕ ಬಂದು ಅಕ್ಷತಾ ಹಾಕಿ ಊಟ ಮಾಡಬೇಕು."

ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ?

ಅಮೆರಿಕದ ಸೈಕಲ್ ಸ್ಟ್ಯಾಂಡು

ಆ ಹೊತ್ತಿಗೆ ನಮ್ಮ ಮನೆಗೆ ಕೇಬಲ್ ಬಂದಿತ್ತು. ಅಮೆರಿಕದಲ್ಲಿ ಆಟವನ್ನೇ ಕಸುಬು ಮಾಡಿಕೊಂಡವರು ಹೇಗೆ ಆಡುತ್ತಾರೆ ನೋಡಿ ಕಲಿಯಲಿ ಎಂದು ಭಾನುವಾರ ಬೆಳಿಗ್ಗೆ ಹುಡುಗಿಯರನ್ನು ಕರೆದು ಟಿವಿ ಮುಂದೆ ಕೂರಿಸಿದೆ. ಒಬ್ಬ ಆಜಾನುಬಾಹು ಬಿರುಸಿನಿಂದ ಓಡಿ ರಿಂಗಿನ ಬುಡಕ್ಕೆ ನುಗ್ಗಿದ. ನನ್ನ ಹುಡುಗಿಯರೆಲ್ಲ ಒಮ್ಮೆಲೇ ಕಣ್ಣು ಮುಚ್ಚಿಕೊಂಡರು.

ಆಮೇಲೆ ಇನ್ನೊಬ್ಬ ಬಂದ. ಅವನು ಒಳಗೂ ಹೋಗಲಿಲ್ಲ, ಗೆರೆಯ ಆಚೆಗೂ ಹೋಗಲಿಲ್ಲ, ನಡುವೆ ಗಕ್ಕನೆ ನಿಂತು, ಜಿಗಿದು ಹಾಕಿದ. ಹುಡುಗಿಯರ ಮುಖ ಅರಳಿತು. ಎತ್ತರದವಳು ಮುಂದೆ ಬಾಗಿ, ಟಿವಿಯ ಅಂಚಿನ ಆಚೆ ಏನಾದರೂ ಕಾಣುತ್ತದೆಯೋ ಎಂಬಂತೆ ನೋಡಿದಳು.

ನಾನು ಬಿಡಿಸಿ ಹೇಳಿದೆ. ಅವನಿಗೂ ಗೋಡೆಗಳಿವೆ, ಆದರೆ ಆ ಗೋಡೆಗಳಿಗೆ ಕೈಕಾಲು ಇವೆ. ರಿಂಗಿನ ಬುಡದಲ್ಲಿ ಏಳಡಿ ಆಳುಗಳು ಕಾಯುತ್ತಿರುತ್ತಾರೆ, ದೂರ ಹೋದರೆ ಗುರಿ ತಪ್ಪುತ್ತದೆ. ಎದುರಿನವರು ಕಾಯದೆ ಬಿಟ್ಟ ಜಾಗ ಇದೊಂದೇ. ಸಿಕ್ಕಷ್ಟು ಜಾಗದಲ್ಲಿ ನಿಂತು ತನ್ನ ಕೆಲಸ ಮಾಡಿಕೊಳ್ಳುವವನು ಅವನು. ಎದುರಿಗೆ ಕುಳಿತವರೆಲ್ಲ ಹೆಣ್ಣುಮಕ್ಕಳು, ಸಿಕ್ಕಷ್ಟು ಜಾಗ ಅಂದರೆ ಎಷ್ಟು ಎನ್ನುವುದು ಅವರಿಗೆ ನನ್ನಿಂದ ತಿಳಿಯಬೇಕಾಗಿರಲಿಲ್ಲ.

ಅರ್ಥವಾಯಿತೇ ಎಂದು ಕೇಳಿದೆ.

"ಆತ್ರಿ" ಅಂದಳು ಎತ್ತರದವಳು. "ಅಂದ್ರ ಅವಂಗ ಹಿಂದ ಸೈಕಲ್ ಸ್ಟ್ಯಾಂಡ್ ಇಲ್ಲೇನ್ರಿ?"

ಹುಬ್ಬಳ್ಳಿಯಲ್ಲಿ

ಆಯ್ಕೆಯ ದಿನ ನಾನು, ಅವಳು, ಅವಳ ತಂದೆ ಮೂವರೂ ಹೋದೆವು. ಮಗಳನ್ನು ಅಷ್ಟು ದೂರ ನನ್ನೊಬ್ಬಳ ಜೊತೆ ಬಿಡಲು ತಂದೆಗೆ ಮನಸ್ಸಿರಲಿಲ್ಲ. ಅಲ್ಲಿ ಕಂಬಗಳಿದ್ದವು, ಅಂಗಳ ನುಣ್ಣಗಿತ್ತು. ಇಲಾಖೆಯ ಕೋಚ್ ಮೈಸೂರು ಕಡೆಯವರು, ಮಿತ ಮಾತಿನ ಮನುಷ್ಯ. ಬಂದ ಹುಡುಗಿಯರನ್ನು ಎರಡು ತಂಡ ಮಾಡಿ ಆಡಲು ಬಿಟ್ಟರು.

ನಮ್ಮವಳಿಗೆ ಚೆಂಡು ಸಿಕ್ಕಿತು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು, ರಿಂಗಿನ ಕೆಳಗೆ ಒಬ್ಬಳೇ ತಲುಪಿದಳು. ಕೈ ಎತ್ತಿದರೆ ಎರಡು ಅಂಕ. ಅವಳು ಗಕ್ಕನೆ ತಿರುಗಿ, ಚೆಂಡು ಪುಟಿಸುತ್ತ ಬಂದ ದಾರಿಯಲ್ಲೇ ವಾಪಸ್ ಹೊರಟಳು. ಅಷ್ಟರಲ್ಲಿ ಮೂವರು ಬಂದು ಸುತ್ತುವರಿದರು. ಜಿಗಿದು ಅವರ ತಲೆಯ ಮೇಲಿಂದ ಹಾಕಿದಳು. ಚೆಂಡು ಬಲೆಯೊಳಗೆ ಇಳಿಯಿತು. ತಂದೆ ಅಂಚಿನಿಂದ, "ಇನ್ನೂ ನಾಕ್ ಹೆಜ್ಜಿ ಹಿಂದ" ಎಂದು ಕೂಗಿದರು.

ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ ಆಯಿತು. ಒಳಗೆ ಹೋದಳು, ವಾಪಸ್ ಬಂದಳು, ಹಾಕಿದಳು. ಕೋಚ್ ಸೀಟಿ ಊದಿ ಆಟ ನಿಲ್ಲಿಸಿದರು.

"ಯಾಕಮ್ಮ ವಾಪಸ್ ಬಂದೆ? ಅಲ್ಲಿ ನಿನ್ನ ತಡೆಯೋರು ಯಾರೂ ಇರಲಿಲ್ಲವಲ್ಲ."

"ಅಲ್ಲಿ ಗ್ವಾಡಿ ಐತ್ರಿ ಸರ್" ಅಂದಳು, ಅಭ್ಯಾಸದಿಂದ.

ಕೋಚ್ ತಿರುಗಿ ನೋಡಿದರು. ಆಡುತ್ತಿದ್ದವರೂ ನೋಡಿದರು. ರಿಂಗಿನ ಹಿಂದೆ ಬಯಲು, ಬಯಲಿನಾಚೆ ರಸ್ತೆ, ರಸ್ತೆಯ ಆ ಬದಿಗೆ ಯಾರದೋ ಕಾಂಪೌಂಡು.

"ಅದಾ?" ಅಂದರು ಕೋಚ್. "ಅಲ್ಲೀವರೆಗೂ ನೀನು ಹೋಗಬೇಕಾಗಿಲ್ಲಮ್ಮ."

ನೌಕರಿ

ಆಟ ಮುಗಿದ ಮೇಲೆ ಕೋಚ್ ನನ್ನನ್ನು ಕರೆದು, ಏನಿದರ ಕಥೆ ಎಂದು ಕೇಳಿದರು. ಗೋಡೆಯಿಂದ ಹಿಡಿದು ಎಲ್ಲ ಹೇಳಿದೆ. ನಗುತ್ತಾರೆ, ಕಳಿಸಿಬಿಡುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ಅವಳನ್ನು ಮತ್ತೆ ಅಂಗಳಕ್ಕೆ ಕರೆದು, ತಮ್ಮ ತಂಡದ ಇಬ್ಬರು ಗಟ್ಟಿ ಆಟಗಾರ್ತಿಯರನ್ನು ಅವಳ ಮೈಮೇಲೆ ಬಿಟ್ಟು, ನಡುವಿನ ದೂರದಿಂದ ಹಾಕು ಎಂದರು. ಹಾಕಿದಳು. ಮತ್ತೆ ಹಾಕಿದಳು. ಅವಳ ಮುಖದಲ್ಲಿ ಆಟದ ಹುರುಪು ಒಂದಿಷ್ಟೂ ಇರಲಿಲ್ಲ. ಪ್ರತಿ ಸಲ ಚೆಂಡು ಬಿಟ್ಟಾಗಲೂ ಅವಳಿಗೆ ತಾನು ನೋಡಿಯೇ ಇರದ ಸಿಂದಗಿಯ ಆ ಮನೆ ಕಾಣುತ್ತಿತ್ತೆಂದು ಆಮೇಲೆ ಹೇಳಿದಳು.

ಕೋಚ್ ತಂದೆಯ ಹತ್ತಿರ ಬಂದರು.

"ಒಳಗೆ ನುಗ್ಗೋದನ್ನ ನಾನು ಒಂದೆರಡು ತಿಂಗಳಲ್ಲಿ ಕಲಿಸ್ತೀನಿ. ಇಷ್ಟು ಎತ್ತರದ ಹುಡುಗಿ ನಡುವೆ ನಿಂತು ಹೀಗೆ ಹಾಕೋದನ್ನ ನಾನು ಎಲ್ಲಿಂದ ತರಲಿ? ನಾವು ತಗೋತೀವಿ. ನೀವು ಕಳಿಸ್ತೀರಾ?"

ತಂದೆ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿದರು. ಇಂಥದ್ದು ನಡೆಯುತ್ತದೆ ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಮಗಳು ಚೆಂಡನ್ನು ಎದೆಗೆ ಅವುಚಿಕೊಂಡು ಅವರನ್ನೇ ನೋಡುತ್ತಿದ್ದಳು.

"ಸಿಂದಗಿಯವರಿಗೆ ಏನ್ ಹೇಳ್ಲಿ?" ಅಂದರು ಕೊನೆಗೆ, ಯಾರಿಗೆಂದು ತಿಳಿಯದ ಹಾಗೆ.

"ಅಪ್ಪಾ, ನೌಕರಿ ಬಂತಂತ ಹೇಳು" ಅಂದಳು. ಅವಳು ತಂದೆಗೆ ಎದುರಾಗಿ ಒಂದು ಮಾತು ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅವರು ಟವೆಲ್ ಮತ್ತೆ ಹೆಗಲಿಗೆ ಹಾಕಿಕೊಂಡರು. "ಆತು. ಮಾತ ಕೊಟ್ಟೇನಿ. ಹೋಗು."

ನಾನು ಆ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅವಳಿಗೆ ಅಳಲೂ ಬರಲಿಲ್ಲ, ನಗಲೂ ಬರಲಿಲ್ಲ, ಚೆಂಡು ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟಳು.

ತಂದೆಗೆ ಈಗ ವ್ಯವಹಾರ ತಿಳಿದುಕೊಳ್ಳಬೇಕಿತ್ತು. "ಸರ್, ಆಫೀಸಿನಾಗ ಈಕಿ ಏನ್ ಕೆಲಸ ಮಾಡಬೇಕ್ರಿ?"

"ಬೆಳಿಗ್ಗೆ ಹೋಗಿ ಸಹಿ ಮಾಡಿ ಗ್ರೌಂಡಿಗೆ ಬರಬೇಕು. ಅಷ್ಟೇ."

"ಮತ್ತ ಆಫೀಸಿನ ಕೆಲಸ?"

"ಅದನ್ನ ಬೇರೆಯವರು ಮಾಡ್ತಾರೆ."

"ಪಗಾರ?"

"ತಿಂಗಳಾ ತಿಂಗಳಾ ಬರುತ್ತೆ."

ತಂದೆ ಸುತ್ತಮುತ್ತ ನೋಡಿದರು. ನನ್ನನ್ನೂ ಮಗಳನ್ನೂ ಅಲ್ಲೇ ಬಿಟ್ಟು, ಕೋಚ್‌ರ ತೋಳು ಹಿಡಿದು ನಾಲ್ಕು ಹೆಜ್ಜೆ ಆಚೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು. ಆದರೂ ನಮಗೆ ಕೇಳಿಸಿತು.

"ಇಂಥಾ ನೌಕರಿ ಗಂಡಸರಿಗೂ ಇರ್ತೈತೇನ್ರಿ? ಇಂಡಿಯೊಳಗ ನಮ್ಮ ದೊಡ್ಡ ಅಳಿಯ ಖಾಲಿ ಅದಾನ."

"ಅವರು ಬಾಸ್ಕೆಟ್‌ಬಾಲ್ ಆಡ್ತಾರಾ?"

"ಆಟ ಏನ್ ಬರೂದಿಲ್ರಿ" ಅಂದರು ತಂದೆ. "ಸಹಿ ಛಲೋ ಮಾಡ್ತಾನ."