ಮಾವನ ಬರಣಿಯ ಮೀನು

ನನ್ನ ಸೋದರಮಾವ ಸಮುದ್ರವನ್ನೇ ಬಳ್ಳಾರಿಗೆ ತಂದಿದ್ದ ಎಂದರೆ ನೀವು ನಗುತ್ತೀರಿ. ನಗಿ. ನಾಲ್ಕನೇ ಕ್ಲಾಸಿಗೇ ಸಾಲಿ ಬಿಟ್ಟು ಹತ್ತಿ ಗಿರಣಿಯಲ್ಲಿ ದುಡಿದು ತಿಂದ ನನಗೆ ಸುಳ್ಳು ಹೇಳುವಷ್ಟು ಪುರುಸೊತ್ತು ಎಂದೂ ಇರಲಿಲ್ಲ. ಆ ಸಮುದ್ರದಲ್ಲಿ ಅರ್ಧವನ್ನು ಹೊತ್ತವನೂ ನಾನೇ!

ಯುದ್ಧದ ಕಾಲ. ಹತ್ತಿ ಅಂಡಿಗೆಗಳ ಜೊತೆ ಮದರಾಸಿಗೆ ಹೋಗಿದ್ದ ಮಾವ, ಒಂದು ಗಾಜಿನ ಬರಣಿ ಮತ್ತು ತೊಳೆದ ಸೀಮೆಎಣ್ಣೆ ಡಬ್ಬಿ ಹಿಡಿದು ರೈಲಿನಿಂದ ಇಳಿದ. ಎರಡರಲ್ಲೂ ಸಮುದ್ರದ ನೀರು. ಬರಣಿಯಲ್ಲಿ ಒಂದು ಶಂಖ, ಶಂಖದೊಳಗೆ ಒಂದು ಮೀನು. ಸಿರುಗುಪ್ಪದ ತವರಿನಲ್ಲಿದ್ದ ಅತ್ತೆಗೆ ಅದನ್ನು ಜೀವಂತ ತೋರಿಸಬೇಕಂತೆ. ಮದುವೆಯಲ್ಲೇ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಅಷ್ಟರಲ್ಲಿ ಜ್ವರ ಬಂದು ಅತ್ತೆಯ ಕಾಲುಗಳು ಸ್ವಾಧೀನ ತಪ್ಪಿದ್ದವು.

ಮೀನೋ, ಹೆಬ್ಬೆರಳಿನಷ್ಟು. ಮೈಗೆ ಹುರುಪೆಯಿಲ್ಲ, ಬರೀ ಲೋಳೆ. ಬಣ್ಣ ಪಾಚಿ ಹಿಡಿದ ಕಲ್ಲಿನದು. ನೆತ್ತಿಯ ಮೇಲೆ ಗುಡ್ಡೆಗಣ್ಣು, ಒಂದೊಂದೂ ಒಂದೊಂದು ಕಡೆ ಹೊರಳುತ್ತಿತ್ತು. ಕಣ್ಣಿನ ಮೇಲೆ ಕವಲೊಡೆದ ಜುಟ್ಟು, ದಪ್ಪ ತುಟಿ. ಗದ್ದದ ಕೆಳಗಿನ ಎರಡು ಎಳೆ ರೆಕ್ಕೆ ಊರಿ, ಪಂಚಾಯ್ತಿಗೆ ಬಂದ ಹಿರಿಯನಂತೆ ಕೂರುತ್ತಿತ್ತು. ಯಾರಾದರೂ ಬಂದರೆ ಬಾಲ ಮುಂದು ಮಾಡಿ ಶಂಖದೊಳಗೆ!

ಮೀನಿನ ಹೆಸರೆತ್ತದ ಮನೆ ನಮ್ಮದು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಅದು ಒಳಗ ಬಂದ್ರ ನಾ ಹೊರಗ ಹೋಗ್ತೀನಿ ನೋಡು ತಮ್ಮಾ."

"ತಿನ್ನಾಕ ತಂದಿಲ್ಲಬೇ ಅಕ್ಕಾ. ಬೀಗರು ಬಂದಂಗ ತಿಳಕೋ."

ಬೀಗರ ಜೊತೆ ಮಾವನೂ ಜಗಲಿಯಲ್ಲೇ ಮಲಗಿದ.

ಬಳ್ಳಾರಿಯ ಬಿಸಿಲಿಗೆ ಬರಣಿಯ ನೀರು ಇಳಿಯಿತು. ನಾನು ಡಬ್ಬಿಗೆ ಕೈ ಹಾಕಿದೆ.

"ಅದನ್ನ ಮುಟ್ಟಬ್ಯಾಡ ಲೇ. ಬಿಸಿಲು ಒಯ್ದದ್ದು ನೀರಷ್ಟ, ಉಪ್ಪಲ್ಲ."

ಮಾವ ಬರಣಿಗೆ ಬಾವಿ ನೀರು ಹನಿಸಿ, ಬೆರಳದ್ದಿ ನೆಕ್ಕಿ, ಸಾರಿನ ರುಚಿ ನೋಡುವವನಂತೆ ತಲೆಯಾಡಿಸಿದ. ಹಾಗಾದರೆ ಡಬ್ಬಿಯ ನೀರು ಯಾರಿಗೆ? ಕೇಳಿದರೆ ಮಾವನೂ ಶಂಖ ಸೇರಿದ.

ಮರುದಿನ, ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಸಿರುಗುಪ್ಪದ ಬಸ್ಸು ಕುರುಗೋಡಿನ ಏರಿನಲ್ಲಿ ನಿಂತಿತು.

"ಎಲ್ಲಾರೂ ಇಳದು ತಳ್ರಿ," ಎಂದ ಕಂಡಕ್ಟರ್. ಬರಣಿ ತಬ್ಬಿಕೊಂಡ ಮಾವ ಕದಲಲಿಲ್ಲ.

"ನಿಮಗ ಬ್ಯಾರೆ ಹೇಳಬೇಕೇನ್ರಿ?"

"ಮೀನಿಗೆ ಹೇಳಪ್ಪಾ. ಅದು ಇಳಿದ್ರ ನಾನೂ ಇಳೀತೀನಿ."

ನಾನು ಮಾತ್ರ ಒಂದು ಕೈಯಲ್ಲಿ ಡಬ್ಬಿ ಹಿಡಿದು ಇನ್ನೊಂದು ಕೈಯಲ್ಲಿ ಬಸ್ಸು ತಳ್ಳಿದೆ.

ಸಿರುಗುಪ್ಪದಲ್ಲಿ ಓಣಿಯೇ ನೆರೆಯಿತು. ಮೀನು ಹೊರಗೆ ಬರಲೇ ಇಲ್ಲ. "ಶಂಖ ತರಾಕ ಮದರಾಸಿಗೆ ಹೋಗಿದ್ರೇನ್ರಿ?" ಎಂದು ನಕ್ಕು ಎಲ್ಲರೂ ಹೋದರು. ಮಾವನ ಮುಖ ಕಪ್ಪಿಟ್ಟಿತು. ಸತ್ತೇ ಹೋಯಿತೇ?

ಮಂಚದ ಮೇಲಿದ್ದ ಅತ್ತೆ ಮಾತ್ರ ಬರಣಿಯಿಂದ ಕಣ್ಣು ತೆಗೆಯಲಿಲ್ಲ. ಸದ್ದಡಗಿದ ಮೇಲೆ ಮೊದಲು ಜುಟ್ಟು, ಆಮೇಲೆ ಕಣ್ಣು, ಕಡೆಗೆ ತುಟಿ ಹೊರಬಂದವು.

"ನಿಮ್ಮಂಗ ಐತಲ್ರಿ. ಮಂದಿ ಹೋದಮ್ಯಾಲ ಮುಖ ತೋರಸ್ತೈತಿ," ಎಂದು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ನೀವು ನೀರಾಗ ಇಳಿದಿದ್ರೇನ್ರಿ?"

"ಇಲ್ಲ. ಕಲ್ಲಿನ ಮ್ಯಾಲ ಮಕ್ಕೊಂಡು ಕೈ ಅಷ್ಟ ಹಾಕಿದೆ. ಕಾಲು ಇಬ್ರೂ ಕೂಡೇ ಇಡೂಣು ಅಂದಿದ್ದೆವಲ್ಲ."

ರೊಟ್ಟಿ ಹಿಟ್ಟು ಕಲಸುವ ಪರಾತ ತಂದು, ಡಬ್ಬಿಯ ನೀರನ್ನೆಲ್ಲ ಸುರಿದ. ಅತ್ತೆಯ ಪಾದಗಳನ್ನು ಒಂದೊಂದಾಗಿ ಎತ್ತಿ ಅದರಲ್ಲಿಟ್ಟ. ಆಮೇಲೆ ಪಕ್ಕದಲ್ಲಿ ಕೂತು ತನ್ನವನ್ನೂ ಇಟ್ಟ.

ನಾನು ಬರಣಿ ಎತ್ತಿಕೊಂಡು ಜಗಲಿಗೆ ಬಂದೆ. ಮೀನಿನ ಒಂದು ಕಣ್ಣು ನನ್ನ ಕಡೆ, ಇನ್ನೊಂದು ಕಣ್ಣು ಬಾಗಿಲ ಕಡೆ. ಬರಣಿಯನ್ನು ಆಚೆಗೆ ತಿರುಗಿಸಿಟ್ಟೆ.