ಇಪ್ಪತ್ತಾರು ನಿಮಿಷ ಹಿಂದಿರುವ ಊರು

ಗಡಿಯಾರದ ವಿಷಯ ಎತ್ತಿದಾಗಲೆಲ್ಲ ನನಗೆ ಒಂದಲ್ಲ ಒಂದು ಅವಾಂತರ ಕಾದೇ ಇರುತ್ತದೆ. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ರೇಖಾಂಶದಿಂದ ಸ್ಥಳೀಯ ಸಮಯ ಲೆಕ್ಕ ಹಾಕುವ ಪಾಠ ಬಂತೆಂದರೆ ಮಕ್ಕಳು ಆಕಳಿಸುತ್ತಾರೆ. ಈ ವರ್ಷ ಮಾತ್ರ ಹಠ ತೊಟ್ಟೆ. ಒಬ್ಬರಿಗಾದರೂ ಸರಿಯಾಗಿ ಅರ್ಥ ಮಾಡಿಸದೆ ಬಿಡುವುದಿಲ್ಲ.

೧. ಪರೀಕ್ಷೆಗೆ ಬರುವ ಪ್ರಶ್ನೆ

ದೇಶದ ಗಡಿಯಾರಗಳೆಲ್ಲ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು ಅದಕ್ಕಿಂತ ಸುಮಾರು ಆರೂವರೆ ಡಿಗ್ರಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ನಮ್ಮೂರಿನ ನಿಜವಾದ ಹೊತ್ತು ಗಡಿಯಾರಕ್ಕಿಂತ ಇಪ್ಪತ್ತಾರು ನಿಮಿಷ ಹಿಂದೆ ಎಂದು ಹಲಗೆಯ ಮೇಲೆ ಬರೆದು ತೋರಿಸಿದೆ. ನಂದಿಗುಡಿಯಿಂದ ಬಸ್ಸಿಗೆ ಬರುವ ಹುಡುಗಿ ಕೈ ಎತ್ತಿದಳು. ಪ್ರಶ್ನೆ ಕೇಳುವವರು ಸಿಕ್ಕರಲ್ಲ ಎಂದು ಹಿಗ್ಗಿದೆ.

"ಸಾರ್, ಆ ಇಪ್ಪತ್ತಾರು ನಿಮಿಷ ನಮಗ ಪರೀಕ್ಷೆ ಹಾಲ್‌ನಾಗ ಜಾಸ್ತಿ ಕೊಡ್ತಾರೇನ್ರಿ?"

೨. ಕೋಲು ಮತ್ತು ನೆರಳು

ಬಾಯಿಮಾತು ಸಾಲದೆಂದು ಮೈದಾನದಲ್ಲಿ ಕೋಲು ನೆಟ್ಟೆ. ನೆರಳು ತೀರಾ ಗಿಡ್ಡವಾಗುವ ಹೊತ್ತೇ ನಮ್ಮೂರಿನ ನಡುಮಧ್ಯಾಹ್ನ, ಅದು ಹನ್ನೆರಡೂವರೆಯ ಸುಮಾರಿಗೆ ಬರುತ್ತದೆ, ನೋಡಿ ಎಂದೆ. ಹನ್ನೆರಡಕ್ಕೆ ಬಂದ ಹೆಡ್‌ಮಾಸ್ತರು, ಕೋಲು ಸೊಟ್ಟ ನೆಟ್ಟಿದ್ದೀರಿ ಎಂದು ಅದನ್ನು ಅಲುಗಾಡಿಸಿ ಹೋದರು. ಮತ್ತೆ ಸರಿಮಾಡಿದೆ. ನೆರಳು ಗಿಡ್ಡವಾಗುವ ಗಳಿಗೆಗೆ ಸರಿಯಾಗಿ ಬಿಸಿಯೂಟದ ಗಂಟೆ ಬಾರಿಸಿತು. ಮಕ್ಕಳೆಲ್ಲ ತಟ್ಟೆ ಹಿಡಿದು ಓಡಿದರು. ಐದೇ ನಿಮಿಷ ತಡೆಯಬಹುದಿತ್ತು ಎಂದು ಹೆಡ್‌ಮಾಸ್ತರ ಬಳಿ ಗೊಣಗಿದೆ.

"ಸೂರ್ಯ ತಡ ಆದ್ರೆ ನಡೀತೈತೆ ಮೇಷ್ಟ್ರೆ," ಅಂದರು ಅವರು, "ಸಾರು ಆರಿದ್ರೆ ನಡಿಯಲ್ಲ."

೩. ಮಂಡಿಪೇಟೆಯಲ್ಲಿ ದುಬೈ

ಮಂಡಿಪೇಟೆಯಲ್ಲಿ ಖರ್ಜೂರ ಮಾರುವ ಗೆಳೆಯನೊಬ್ಬ ದುಬೈ ವ್ಯಾಪಾರಿಗೆ ಬೆಳ್ಳಂಬೆಳಗ್ಗೆ ಫೋನ್ ಮಾಡಿ, ನಿದ್ದೆ ಕೆಡಿಸಿದ್ದಕ್ಕೆ ಬೈಸಿಕೊಂಡಿದ್ದ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಎಂದು ಕಲಿಸಿದೆ. ಮರೆಯಬಾರದೆಂದು ಆತ ಅಂಗಡಿಯ ಗೋಡೆ ಗಡಿಯಾರವನ್ನೇ ದುಬೈಗೆ ತಿರುಗಿಸಿಬಿಟ್ಟ. ಮರುದಿನ ಕೆಲಸದವರು ಹತ್ತೂವರೆಗೆ ಬಂದು ಆ ಗೋಡೆಯನ್ನೇ ತೋರಿಸಿದರಂತೆ.

"ಒಂಬತ್ತಕ್ಕ ಸರಿಯಾಗಿ ಬಂದೀವಿ ನೋಡ್ರಿ, ಸಾವ್ಕಾರ್ರೆ."

೪. ಕೊನೆಗೂ ಒಬ್ಬರಿಗೆ ಅರ್ಥವಾಯಿತು

ಹೊಸ ಸ್ಕೂಟರ್ ತರುವಾಗ ಶೋರೂಮಿನಲ್ಲೇ ತಡವಾಯಿತು. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಕೆ.ಬಿ. ಬಡಾವಣೆಯ ನಮ್ಮ ಮನೆ ಮುಟ್ಟಿದಾಗ ಗಂಟೆ ನಾಲ್ಕೂ ಮುಕ್ಕಾಲು, ಅದು ಆಗಲೇ ಶುರುವಾಗಿತ್ತು. ಹೆಂಡತಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು, ಆರರ ತನಕ ಹೊರಗೇ ಇರಿ ಎಂದಳು.

ನಾನು ಬಿಡಲಿಲ್ಲ. ರಾಹುಕಾಲ ಸೂರ್ಯನ ಲೆಕ್ಕದ್ದು, ಸೂರ್ಯ ನಮ್ಮೂರಿಗೆ ಇಪ್ಪತ್ತಾರು ನಿಮಿಷ ತಡವಾಗಿ ಬರುತ್ತಾನೆ, ಹಾಗಾಗಿ ರಾಹುಕಾಲವೂ ತಡವಾಗಿಯೇ ಶುರು ಎಂದು ಬೆರಳು ಮಡಚಿ ಹೇಳಿದೆ. ಆಕೆಗೆ ಒಂದೇ ಸಲಕ್ಕೆ ತಿಳಿಯಿತು. ಆರತಿ ಎತ್ತಿದಳು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆ ಆಕೆ ಯೋಚನೆಗೆ ಬಿದ್ದಳು.

"ತಡ ಶುರುವಾದ್ರೆ, ಮುಗಿಯೋದೂ ತಡ ಅಲ್ಲೇನ್ರಿ?"

ಹೌದು, ಬಲು ಜಾಣೆ ನೀನು ಎಂದೆ.

"ಹೆಣ್ಣು ನೋಡಾಕ ಹರಿಹರದ ನಮ್ಮನಿಗೆ ಬಂದ ದಿನಾನೂ ಭಾನುವಾರ. ರಾಹುಕಾಲ ಅಂತ ಆರು ಹೊಡಿಯೋ ತನಕ ರಸ್ತೆದಾಗ ನಿಂತಿದ್ರಿ. ಹೊಡದ ಕೂಡ್ಲೆ ಒಳಗ ಬಂದ್ರಿ."

ನಾನು ಸ್ಕೂಟರಿನ ಕನ್ನಡಿ ಒರೆಸತೊಡಗಿದೆ.

"ಈಗ ಅರ್ಥ ಆತು ಬಿಡ್ರಿ," ಅಂದಳು, "ಇಷ್ಟು ವರ್ಷದ್ದೆಲ್ಲಾ."